ದೊಡ್ಡ ನದಿಯೊಂದರ ಹೆಸರಿನಿಂದ ಹುಟ್ಟಿದ ಲ್ಯಾಟಿನ್ ಪದಗಳು ಯಾವುವು?

ಸಿಂಧು ನದಿಯೊಂದರಿಂದಲೇ ಬೇಕಾದಷ್ಟು ಬಂದಿವೆ. ನನಗೆ ಇಷ್ಟವಾದ ಕೆಲವನ್ನು ಹೇಳುತ್ತೇನೆ.

ಮೊದಲು ಆ ಹೆಸರು ಹೋದ ದಾರಿ ನೋಡಿ. ಸಿಂಧು ಪರ್ಷಿಯನ್ನರ ಬಾಯಲ್ಲಿ 'ಹಿಂದು' ಆಯಿತು. ಹಳಗನ್ನಡದ ಪಾಲು ಹಾಲಾಯಿತು ಅಲ್ವಾ, ಹಾಗೆ ಅಲ್ಲಿ ಸಕಾರ ಹಕಾರವಾಯಿತು. ಅಲ್ಲಿಂದ ಗ್ರೀಕರ ಕಡೆ ಹೋಗುವಾಗ ಆ ಹಕಾರವೂ ಬಿದ್ದುಹೋಯಿತು, ನಮ್ಮ ಹಳ್ಳಿಗಳಲ್ಲಿ ಹಾಲನ್ನು 'ಆಲು' ಅನ್ನುವ ಹಾಗೆ. ಗ್ರೀಕರ 'ಇಂಡೋಸ್' ಲ್ಯಾಟಿನ್‌ನಲ್ಲಿ 'ಇಂಡಸ್', ಆ ಕಡೆಯ ನಾಡೆಲ್ಲ 'ಇಂಡಿಯಾ'. ಮೊದಲನೇ ಶತಮಾನದ ರೋಮನ್ ಲೇಖಕ ಪ್ಲಿನಿಗೆ ಮೂಲ ಹೆಸರೂ ಗೊತ್ತಿತ್ತು. ಅಲ್ಲಿಯ ಜನ ಈ ನದಿಯನ್ನು 'ಸಿಂಡಸ್' ಅನ್ನುತ್ತಾರೆ ಎಂದು ಬರೆದಿದ್ದಾನೆ. ಅದನ್ನು ಓದಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಇಂಡಸ್ ಪದಕ್ಕೆ ಇನ್ನೊಂದು ಅರ್ಥ ಇದೆ: ಮಾವುತ! ಇತಿಹಾಸಕಾರ ಲಿವಿ ಈಗಿನ ಟರ್ಕಿಯಲ್ಲಿರುವ ಒಂದು ನದಿಯ ವಿಷಯ ಹೇಳುತ್ತಾನೆ. ಆನೆಯ ಮೇಲಿಂದ ಬಿದ್ದ ಒಬ್ಬ ಮಾವುತನಿಂದ ಆ ನದಿಗೆ ಇಂಡಸ್ ಅನ್ನುವ ಹೆಸರು ಬಂತಂತೆ. ಅಂದರೆ ನಮ್ಮ ನದಿಯ ಹೆಸರು ಒಬ್ಬ ಮನುಷ್ಯನಿಗೆ ಅಂಟಿ, ಅವನಿಂದ ಅಷ್ಟು ದೂರದ ಇನ್ನೊಂದು ನದಿಗೆ ಹೋಯಿತು. ಅವನ ಸ್ವಂತ ಹೆಸರನ್ನು ಮಾತ್ರ ಲಿವಿ ಹೇಳುವುದಿಲ್ಲ. ನನಗೆ ಅದೊಂದೇ ಬೇಜಾರು.

ಆಮೇಲೆ 'ಇಂಡಿಕಮ್'. ನಮ್ಮ ಕಡೆಯಿಂದ ಹೋಗುತ್ತಿದ್ದ ನೀಲಿ ಬಣ್ಣ ಅದು, ಇಂಡಿಗೋ ಪದದ ಮೂಲವೂ ಅದೇ. 1863ರಲ್ಲಿ ಜರ್ಮನಿಯಲ್ಲಿ ಹೊಸ ಲೋಹವೊಂದು ಸಿಕ್ಕಾಗ ಅದರ ರೋಹಿತದಲ್ಲಿ, ಅಂದರೆ ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದಾಗ, ಇದೇ ನೀಲಿಯ ಗೆರೆ ಕಂಡಿತು, ಅದಕ್ಕೇ ಲೋಹಕ್ಕೆ 'ಇಂಡಿಯಮ್' ಎಂದು ಹೆಸರಿಟ್ಟರು. ಇವತ್ತು ಮೊಬೈಲಿನ ಟಚ್ ಸ್ಕ್ರೀನ್‌ಗಳಲ್ಲಿ ಅದನ್ನು ಬಳಸುತ್ತಾರೆ.

ಕೊನೆಗೆ ನಮ್ಮ ಸಾರಿನ ಹುಣಸೆ. ಅರಬ್ಬರು ಅದನ್ನು 'ತಮರ್ ಹಿಂದಿ' ಅಂದರು, ಅಂದರೆ ಹಿಂದ್ ನಾಡಿನ ಖರ್ಜೂರ. ಹಣ್ಣಿನ ತಿರುಳು ಕಪ್ಪಗೆ, ಅಂಟಂಟಾಗಿ ಇರುತ್ತದಲ್ಲ, ಖರ್ಜೂರ ನೆನಪಾಗುವುದು ಸಹಜ. ಮಧ್ಯಯುಗದ ಲ್ಯಾಟಿನ್‌ನಲ್ಲಿ ಅದೇ 'ಟ್ಯಾಮರಿಂಡಸ್' ಆಯಿತು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಅದರ ಮುಂದೆ ಇನ್ನೊಂದು ಪದ ಸೇರಿಸಿ 'ಟ್ಯಾಮರಿಂಡಸ್ ಇಂಡಿಕಾ' ಎಂದು ಕರೆದ. ಮರದ ತವರು ಆಫ್ರಿಕಾ, ಆದರೂ ಅದರ ಹೆಸರಿನಲ್ಲಿ ಸಿಂಧು ಎರಡು ಸಲ ಕೂತಿದೆ.