ವಾಪಸು ಕೊಟ್ಟ ಕೋಟು

ಮೊನ್ನೆ ಭಜನಾ ಮಂದಿರದ ಊಟದ ಪಂಕ್ತಿಯಲ್ಲಿ ಪಕ್ಕ ಕೂತು ನೀನು ಕೇಳಿದೆ: "ಅಕ್ಕ, ಬಾಸ್ಟನ್ನಿನಲ್ಲಿ ಬಟ್ಟೆ, ಮಂಚ, ಮೇಜು, ಮಕ್ಕಳ ಶಾಲೆಯ ಸಾಮಾನು ಎಲ್ಲ ಬಿಟ್ಟಿ ಸಿಗುತ್ತದಂತೆ, ಹೌದಾ? ಎಲ್ಲಿ ಹೋಗಿ ಕೇಳಬೇಕು? ತೆಗೆದುಕೊಂಡರೆ ಅಲ್ಲಿನ ನಮ್ಮವರು ಏನೆಂದುಕೊಳ್ಳುತ್ತಾರೆ?" ಅಷ್ಟರಲ್ಲಿ ಪಾಯಸ ಬಂತು, ಮಾತು ಅಲ್ಲಿಗೇ ನಿಂತಿತು. ನಿನ್ನ ಹಾಗೆಯೇ ಗಂಡನ ಸ್ಟೈಪೆಂಡ್ ನಂಬಿಕೊಂಡು, ಎರಡು ಮಕ್ಕಳನ್ನು ಕಟ್ಟಿಕೊಂಡು ಈ ಆಗಸ್ಟ್‌ನಲ್ಲಿ ಉಡುಪಿಯಿಂದ, ಕುಂದಾಪುರದಿಂದ ಹೊರಡುವವರು ಇನ್ನೂ ನಾಲ್ಕು ಮಂದಿ ಇದ್ದಾರು. ಅವರಿಗೂ ಆಗಲಿ ಎಂದು ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊರಗೆ ಮಳೆ ಬಿಡುವ ಲಕ್ಷಣವಿಲ್ಲ, ಅಮ್ಮ ಮಲಗಿದ್ದಾಳೆ, ನನಗೂ ಬೇರೆ ಕೆಲಸವಿಲ್ಲ.

ಸಿಗುತ್ತದೆ. ಮೊದಲ ಪ್ರಶ್ನೆಗೆ ಉತ್ತರ ಅಷ್ಟೆ.

ನಾವು ಹೋದದ್ದು 1998ರ ಆಗಸ್ಟ್‌ನಲ್ಲಿ. ಒಂದು ಸೂಟ್‌ಕೇಸಿನಲ್ಲಿ ಕುಕ್ಕರ್, ಹಪ್ಪಳ, ಮಿಡಿ ಉಪ್ಪಿನಕಾಯಿ, ಇನ್ನೊಂದರಲ್ಲಿ ಬಟ್ಟೆ. ಆಲ್‌ಸ್ಟನ್ ಎಂಬ ವಿದ್ಯಾರ್ಥಿಗಳ ಕೇರಿಯಲ್ಲಿ ಒಂದು ಕೋಣೆಯ ಮನೆ. ಒಳಗೆ ಒಂದು ಕುರ್ಚಿಯೂ ಇರಲಿಲ್ಲ. ಹಂಡೆಯೊಳಗೆ ಕೂತು ಮಾತನಾಡಿದ ಹಾಗೆ ಮಾತು ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಹತ್ತು ದಿನ ಚಾಪೆಯ ಮೇಲೆ ಮಲಗಿದೆವು. ಆಗಸ್ಟ್ 31ರ ರಾತ್ರಿ ಬೀದಿಯಲ್ಲಿ ದಡಬಡ ಸದ್ದು. ಕಿಟಕಿಯಿಂದ ನೋಡಿದರೆ ಸೋಫಾ, ಮೇಜು, ದೀಪ, ಪುಸ್ತಕದ ಕಪಾಟು ಎಲ್ಲ ಕಾಲುದಾರಿಯ ಮೇಲೆ. ಅಲ್ಲಿ ಬಾಡಿಗೆ ಕರಾರುಗಳಲ್ಲಿ ಬಹುಪಾಲು ಸೆಪ್ಟೆಂಬರ್ 1ಕ್ಕೆ ಬದಲಾಗುತ್ತವೆ. ಬಿಡುವವರು ಹೊತ್ತೊಯ್ಯಲಾಗದ್ದನ್ನು ಹೊರಗಿಟ್ಟು ಹೋಗುತ್ತಾರೆ. ಆ ದಿನಕ್ಕೆ ಊರವರು ಇಟ್ಟ ಹೆಸರೇ 'ಆಲ್‌ಸ್ಟನ್ ಕ್ರಿಸ್‌ಮಸ್'. ನಮ್ಮ ಊಟದ ಮೇಜು ಆ ರಾತ್ರಿಯದ್ದು. ಒಂದು ಕಾಲು ಗಿಡ್ಡ, ಅದರ ಕೆಳಗೆ ಈಗಲೂ ಮಡಚಿದ ರಟ್ಟು ಇದೆ. ಬದಲಾಯಿಸುವ ಶಕ್ತಿ ಬಂದ ಮೇಲೂ ಬದಲಾಯಿಸಲಿಲ್ಲ.

ನೀನು ಆಗಸ್ಟ್ ಕೊನೆಯೊಳಗೆ ತಲುಪುತ್ತೀಯಾದ್ದರಿಂದ ಮರದ, ಕಬ್ಬಿಣದ ಸಾಮಾನಿಗೆ ಆ ರಾತ್ರಿ ಸಾಕು. ಆದರೆ ಹಾಸಿಗೆ, ಬಟ್ಟೆ ಹೊದಿಸಿದ ಸೋಫಾ ಬೇಡ. ತಿಗಣೆ! ಇಲ್ಲಿಯ ಹಾಗೆ ಏಪ್ರಿಲ್ ಬಿಸಿಲಿನಲ್ಲಿ ಅಂಗಳಕ್ಕೆ ಹಾಕಿ ಬಡಿದರೆ ಹೋಗುವ ತಿಗಣೆಯಲ್ಲ ಅದು, ಆ ಊರಿನಲ್ಲಿ ಅಂಥ ಬಿಸಿಲೂ ಇಲ್ಲ. ಅನುಮಾನ ಬಂದ ಸಾಮಾನಿಗೆ ನಗರದ ಇನ್‌ಸ್ಪೆಕ್ಟರುಗಳು ಎಚ್ಚರಿಕೆಯ ಚೀಟಿ ಅಂಟಿಸುತ್ತಾರೆ, ಅದಿದ್ದರೆ ಮುಟ್ಟಲೇಬೇಡ. ಬಟ್ಟೆಯಾದರೆ ಡ್ರೈಯರ್‌ನಲ್ಲಿ ಹೆಚ್ಚು ಬಿಸಿಯಲ್ಲಿ ಅರ್ಧ ಗಂಟೆ ತಿರುಗಿಸಿದ ಮೇಲೆಯೇ ಮನೆಯ ಕಪಾಟಿಗೆ. ಇನ್ನೆರಡು ಮಾತು, ಇದರಲ್ಲಿ ದಾಕ್ಷಿಣ್ಯ ಬೇಡ. ಒಂದು ಬದಿಯ ಕಟಕಟೆ ಮೇಲೆ ಕೆಳಗೆ ಜಾರುವ ಹಳೆಯ ಮಗುವಿನ ತೊಟ್ಟಿಲು-ಮಂಚ ಯಾರು ಕೊಟ್ಟರೂ ಬೇಡ ಎನ್ನು; ಮಕ್ಕಳು ಸಿಕ್ಕಿಕೊಂಡು ಸತ್ತದ್ದರಿಂದ 2011ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದ್ದಾರೆ. ಕಾರಿನಲ್ಲಿ ಕೂರಿಸುವ ಮಕ್ಕಳ ಸೀಟಿಗೂ ಅವಧಿ ಇರುತ್ತದೆ, ತಳದಲ್ಲಿ ಅಚ್ಚು ಹಾಕಿರುತ್ತಾರೆ. ಅಪಘಾತ ಕಂಡ ಸೀಟೋ ಅಲ್ಲವೋ ಎಂದು ಗೊತ್ತಿಲ್ಲದಿದ್ದರೆ ಅದನ್ನೂ ತರಬೇಡ.

ನಾವು ಹೋದಾಗ ಇಲ್ಲದ್ದು ಈಗ ಬಹಳ ಇದೆ. 2003ರಲ್ಲಿ ಅರಿಜೋನಾದಲ್ಲಿ ಶುರುವಾದ ಫ್ರೀಸೈಕಲ್, 2013ರಲ್ಲಿ ವಾಷಿಂಗ್ಟನ್ ರಾಜ್ಯದ ಒಂದು ದ್ವೀಪದಲ್ಲಿ ಇಬ್ಬರು ಹೆಂಗಸರು ಶುರುಮಾಡಿದ ಬೈ ನಥಿಂಗ್. ತಮಗೆ ಬೇಡದ ಸಾಮಾನನ್ನು ಬೇಕಾದವರಿಗೆ ಕೊಡುವ ಗುಂಪುಗಳು ಇವು, ಎರಡೂ ಮೊಬೈಲ್‌ನಲ್ಲೇ ನಡೆಯುತ್ತವೆ. ಮಾರುವಂತಿಲ್ಲ, ಬದಲಿಗೆ ಕೇಳುವಂತಿಲ್ಲ, ಸುಮ್ಮನೆ ಕೊಡಬೇಕು. ಬೇಕಾದದ್ದನ್ನು ನೀನೂ ಕೇಳಬಹುದು. ಕೊಡುವವರು ಮನೆಯ ಮೆಟ್ಟಿಲ ಮೇಲೆ ಚೀಲ ಇಟ್ಟಿರುತ್ತಾರೆ. ಮುಖ ನೋಡದೆ ತಂದುಬಿಡಬಹುದು. ಅಲ್ಲದೆ 2022ರ ನವೆಂಬರ್‌ನಿಂದ ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬಟ್ಟೆ, ಹಾಸಿಗೆಗಳನ್ನು ಕಸಕ್ಕೆ ಎಸೆಯುವುದೇ ನಿಷಿದ್ಧ. ಹಾಗಾಗಿ ತೆಗೆದುಕೊಳ್ಳುವವರು ಸಿಕ್ಕರೆ ಸಾಕು ಎಂದು ಕಾಯುವ ಜನ ಹೆಚ್ಚಾಗಿದ್ದಾರೆ. ಗುಡ್‌ವಿಲ್ ಎಂಬ ಹಳೆಯ ಸಾಮಾನಿನ ಅಂಗಡಿ ಬಿಟ್ಟಿಯಲ್ಲ, ಅಗ್ಗ ಮಾತ್ರ. 1902ರಲ್ಲಿ ಬಾಸ್ಟನ್ನಿನಲ್ಲೇ ಒಬ್ಬ ಪಾದ್ರಿ ಅದನ್ನು ಹುಟ್ಟುಹಾಕಿದ್ದು. ಶ್ರೀಮಂತರ ಕೇರಿಯಿಂದ ಹಳತು ತಂದು ಬಡವರ ಕೈಯಲ್ಲಿ ರಿಪೇರಿ ಮಾಡಿಸಿ ಮಾರುತ್ತಿದ್ದರು.

ಸರಿಯಾದ ಮಂಚ, ಪಾತ್ರೆ, ಹೊದಿಕೆ ಸಮೇತ ಮನೆ ತುಂಬಿಸಬೇಕಾದರೆ ಆ್ಯಕ್ಟನ್ ಎಂಬಲ್ಲಿ ಹೌಸ್‌ಹೋಲ್ಡ್ ಗೂಡ್ಸ್ ಎನ್ನುವ ಸಂಸ್ಥೆ ಇದೆ, ದುಡ್ಡು ಕೊಡಬೇಕಾಗಿಲ್ಲ. ಮಕ್ಕಳ ಬಟ್ಟೆ, ಶಾಲೆಯ ಚೀಲಕ್ಕೆ ಕ್ರೇಡಲ್ಸ್ ಟು ಕ್ರೆಯಾನ್ಸ್, 2002ರಿಂದ ನಡೆಯುತ್ತಿದೆ, ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ. ಇವೆರಡಕ್ಕೂ ನೇರವಾಗಿ ಹೋಗಿ ಬಾಗಿಲು ತಟ್ಟಿದರೆ ಆಗುವುದಿಲ್ಲ. ಶಾಲೆಯ ನರ್ಸೋ, ಸಮಾಜ ಕಾರ್ಯಕರ್ತೆಯೋ, ಆಸ್ಪತ್ರೆಯವರೋ ನಿನ್ನ ಪರವಾಗಿ ಬರೆಯಬೇಕು. ಯಾರ ಹತ್ತಿರ ಕೇಳುವುದು ತಿಳಿಯದಿದ್ದರೆ ಫೋನಿನಲ್ಲಿ 211 ಒತ್ತು, ನಿನ್ನ ಪಿನ್ ಕೋಡ್ ಕೇಳಿ ಹತ್ತಿರದ ಜಾಗ ಹೇಳುತ್ತಾರೆ.

ನಮ್ಮವರು ಎಡವುವುದು ಇಲ್ಲಿಯೇ. ಊರಿನಲ್ಲಿ ನಾವು ಬಾಯಿ ಬಿಡಬೇಕಾಗಿಲ್ಲ. ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ ಎಂದು ಎದುರು ಮನೆಯವರಿಗೆ ಗೊತ್ತು, ಅವರಿಂದ ಮಂದಿರದ ಸಮಿತಿಗೆ ಗೊತ್ತು. ಅಲ್ಲಿ ಎದುರು ಮನೆಯವನಿಗೆ ನಿನ್ನ ಹೆಸರೂ ಗೊತ್ತಿರುವುದಿಲ್ಲ. "ಕಷ್ಟವಾಗುತ್ತಿದೆ" ಎಂಬ ಒಂದು ಮಾತನ್ನು ನೀನೇ, ಇಂಗ್ಲಿಷಿನಲ್ಲಿ, ಅಪರಿಚಿತರ ಮುಂದೆ ಹೇಳಬೇಕು. ನನಗೆ ಅದು ಹೇಳಲು ಬರಲಿಲ್ಲ. ಹೇಳದೆಯೇ ಒಬ್ಬರಿಗೆ ಅರ್ಥವಾದಾಗ ನಾನು ಮಾಡಿದ ಕೆಲಸವನ್ನೂ ಕೇಳು.

ಮಗಳು ಒಂದನೇ ತರಗತಿ. ಮಂಗಳೂರಿನ ಹಂಪನಕಟ್ಟೆಯಲ್ಲಿ ಕೊಂಡ ಸ್ವೆಟರ್ ಇತ್ತು, ಊಟಿಗೆ ಸಾಕಾಗುವಂಥದ್ದು. ನವೆಂಬರ್ ಎರಡನೇ ವಾರದ ಒಂದು ಸಂಜೆ ಅವಳು ಕಾಗದದ ದೊಡ್ಡ ಚೀಲ ಹಿಡಿದು ಬಂದಳು. ಒಳಗೆ ನೇರಳೆ ಬಣ್ಣದ ಕೋಟು. ಹಗುರ, ದಪ್ಪ, ಟೋಪಿಯ ಅಂಚಿಗೆ ರೋಮ. ಜಿಪ್ಪಿನ ತುದಿಗೆ ಯಾರೋ ಮಗು ಪೋಣಿಸಿದ ಮಣಿಗಳು. ಶಾಲೆಯ ನರ್ಸ್ ಕೊಟ್ಟರಂತೆ. ಕಾಲರಿನ ಒಳಗೆ ಬಿಳಿ ಪಟ್ಟಿ, ಅದರಲ್ಲಿ ಪೆನ್ನಿನಿಂದ ಹೊಡೆದು ಹಾಕಿದ ಬೇರೆ ಯಾವುದೋ ಹುಡುಗಿಯ ಹೆಸರು, ಕೆಳಗೆ ನನ್ನ ಮಗಳ ಹೆಸರು.

ನನಗೆ ಕಂಡದ್ದು ಹೊಡೆದು ಹಾಕಿದ ಆ ಹೆಸರು ಮಾತ್ರ.

ನಿನಗೆ ನಮ್ಮ ಮನೆಯ ಕಥೆ ಗೊತ್ತು. ಅಪ್ಪ ಕೆಲಸ ಮಾಡುತ್ತಿದ್ದ ಹಂಚಿನ ಕಾರ್ಖಾನೆ ಮುಚ್ಚಿತ್ತು, ಅಮ್ಮ ಬೀಡಿ ಕಟ್ಟುತ್ತಿದ್ದಳು. 1979ರ ಜೂನ್‌ನಲ್ಲಿ, ನಾನು ಐದನೇ ತರಗತಿಯಲ್ಲಿದ್ದಾಗ, ಇದೇ ಭಜನಾ ಮಂದಿರದ ವೇದಿಕೆಯ ಮೇಲೆ ಆರು ನೋಟ್‌ಬುಕ್ಕು ತೆಗೆದುಕೊಂಡೆ. ಕೊಟ್ಟವರ ಕೈ ಒಂದು ತುದಿಯಲ್ಲಿ, ನನ್ನ ಕೈ ಇನ್ನೊಂದು ತುದಿಯಲ್ಲಿ, ಫೋಟೊ ತೆಗೆಯುವ ತನಕ ಅವರು ಬಿಡಲಿಲ್ಲ. ಆ ಫೋಟೊಗೆ ಕಟ್ಟು ಹಾಕಿಸಿ ಮಂದಿರದ ಗೋಡೆಗೆ ನೇತುಹಾಕಿದರು. ಹತ್ತನೇ ತರಗತಿ ಮುಗಿಯುವ ತನಕ ಪ್ರತಿ ಶನಿವಾರದ ಭಜನೆಗೆ ಹೋದಾಗಲೂ ತಾಳ ಹಾಕುತ್ತ ನಾನು ನನ್ನನ್ನೇ ನೋಡಬೇಕಾಗಿತ್ತು. ಕೊಟ್ಟವರು ಒಳ್ಳೆಯವರೇ, ಆ ಪುಸ್ತಕದಲ್ಲಿ ಬರೆದೇ ಓದಿದ್ದು. ಆದರೂ ಆ ಕೋಟನ್ನು ನೋಡಿದ ಕೂಡಲೇ ಗೋಡೆಯ ಮೇಲಿನ ಆ ಫೋಟೊ ಎದುರು ಬಂತು.

ಮಾರನೆಯ ದಿನ ಕೋಟನ್ನು ಮಡಚಿ, ಅದೇ ಚೀಲದಲ್ಲಿ ಹಾಕಿ, ನಾನೇ ಶಾಲೆಗೆ ಹೋಗಿ ವಾಪಸು ಕೊಟ್ಟೆ. ಜೊತೆಗೊಂದು ಚೀಟಿ: ಧನ್ಯವಾದ, ನಮಗೆ ಅಗತ್ಯವಿಲ್ಲ. ವ್ಯಾಕರಣ ತಪ್ಪಬಾರದೆಂದು ರಾತ್ರಿ ಗಂಡನಿಗೆ ತೋರಿಸಿದ್ದೆ. ನರ್ಸ್ ಚೀಟಿ ಓದಿದರು, ನನ್ನ ಕಾಲಿನ ಚಪ್ಪಲಿ ನೋಡಿದರು, ಏನೂ ಹೇಳಲಿಲ್ಲ. ದೊಡ್ಡ ಯುದ್ಧ ಗೆದ್ದವಳ ಹಾಗೆ ಮನೆಗೆ ನಡೆದು ಬಂದೆ.

ಮಗಳಿಗೆ ಕೋಟು ಕೊಂಡದ್ದು ಕ್ರಿಸ್‌ಮಸ್ ಮುಗಿದು ಬೆಲೆ ಇಳಿದ ಮೇಲೆ. ಆ ನಡುವಿನ ವಾರಗಳಲ್ಲಿ, ಆಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದಾಗ ಕೋಟಿಲ್ಲದವಳನ್ನು ಶಾಲೆಯ ಲೈಬ್ರರಿಯಲ್ಲಿ ಕೂರಿಸುತ್ತಿದ್ದರು ಎಂದು ನನಗೆ ತಿಳಿದದ್ದು ಹದಿನಾರು ವರ್ಷದ ಮೇಲೆ. ಹಳೆಯ ಕೋಟುಗಳನ್ನು ದಾನಕ್ಕೆ ಕೊಡಲು ಕಪಾಟು ಖಾಲಿ ಮಾಡುತ್ತಿದ್ದೆವು. ಅವಳಾಗಿಯೇ ಹೇಳಿದಳು. ಲೈಬ್ರರಿಯಲ್ಲಿ ಮೀನಿನ ತೊಟ್ಟಿ ಇತ್ತಂತೆ, ಬೇಸರವಾಗುತ್ತಿರಲಿಲ್ಲವಂತೆ. ಆಮೇಲೆ, "ಆ ನೇರಳೆ ಕೋಟಿನಲ್ಲಿ ನನ್ನ ಹೆಸರು ಸರಿಯಾಗಿ ಬರೆದಿದ್ದರು ಅಮ್ಮ, ಹಾಜರಿ ಪುಸ್ತಕದಲ್ಲಿ ವರ್ಷವಿಡೀ ತಪ್ಪೇ ಇತ್ತು" ಎಂದಳು. ಅವಳು ಬಯ್ದಿದ್ದರೆ ಉತ್ತರ ಕೊಡುತ್ತಿದ್ದೆನೇನೋ.

"ನಮ್ಮವರು ಏನೆಂದುಕೊಳ್ಳುತ್ತಾರೆ" ಎಂದು ಕೇಳಿದೆಯಲ್ಲ. ಈಗ ದೊಡ್ಡ ಮನೆ ಕಟ್ಟಿಕೊಂಡ ಎಷ್ಟೋ ನಮ್ಮವರ ಮೊದಲ ಸೋಫಾ ಆಲ್‌ಸ್ಟನ್ನಿನ ಬೀದಿಯದ್ದೇ. ಬಾಸ್ಟನ್ ಹತ್ತಿರದ ಆ್ಯಶ್‌ಲೆಂಡಿನ ಲಕ್ಷ್ಮೀ ದೇವಸ್ಥಾನದಲ್ಲಿ ಭಾನುವಾರ ಅವರೇ ಪಕ್ಕದಲ್ಲಿ ಕೂತು ಪುಳಿಯೋಗರೆ ತಿನ್ನುತ್ತಿರುತ್ತಾರೆ, ಬಾಯಿ ಬಿಡುವುದಿಲ್ಲ.

ಉಳಿದದ್ದು ಚುಟುಕಾಗಿ. ಶಾಲೆ ಶುರುವಾಗುವ ಮೊದಲು ಸಾಮಾನಿನ ಪಟ್ಟಿ ಕಳುಹಿಸುತ್ತಾರೆ. ಕ್ರೆಯಾನ್, ಅಂಟು ಸರಿ, ಮೂಗು ಒರೆಸುವ ಕಾಗದದ ಡಬ್ಬವನ್ನೂ ಕೇಳುತ್ತಾರೆ, ಗಾಬರಿಯಾಗಬೇಡ. ಎಲ್ಲ ಕೊಳ್ಳಲೇಬೇಕೆಂದಿಲ್ಲ, ಟೀಚರ್ ಹತ್ತಿರ ಇದ್ದೇ ಇರುತ್ತದೆ. ಮಧ್ಯಾಹ್ನದ ಊಟ, ಬೆಳಗಿನ ತಿಂಡಿ ಆ ರಾಜ್ಯದ ಸರ್ಕಾರಿ ಶಾಲೆಯಲ್ಲಿ ಈಗ ಎಲ್ಲ ಮಕ್ಕಳಿಗೂ ಉಚಿತ, 2023ರಲ್ಲಿ ಖಾಯಂ ಮಾಡಿದರು. ನಮ್ಮ ಬಿಸಿಯೂಟದ ಹಾಗೆ, ಸಾರಿಲ್ಲ ಅಷ್ಟೆ. ವೀಸಾಕ್ಕೆ ತೊಂದರೆಯೇ ಎಂದು ನಿನ್ನ ಅತ್ತೆ ಕೇಳಿದರು. ಸರ್ಕಾರದ ನಗದು ನೆರವು ಬೇರೆ, ದತ್ತಿ ಸಂಸ್ಥೆಯ ಕೋಟು ಬೇರೆ. ಮೊದಲಿನದಕ್ಕೆ ಅರ್ಜಿ ಹಾಕುವ ಮುನ್ನ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ, ಎರಡನೆಯದಕ್ಕೆ ಯಾರನ್ನೂ ಕೇಳಬೇಕಿಲ್ಲ. ಮತ್ತೆ, ತೆಂಗಿನಕಾಯಿ ತುರಿಯುವ ಮಣೆ ಇಲ್ಲಿಂದಲೇ ಒಯ್ಯಿ. ಅದನ್ನು ಯಾರೂ ಬೀದಿಗೆ ಇಡುವುದಿಲ್ಲ.

ಮೊನ್ನೆ ಮಂದಿರದ ಪುಸ್ತಕ ವಿತರಣೆಗೆ ಕರೆದರೂ ನಾನು ಯಾಕೆ ವೇದಿಕೆ ಹತ್ತಲಿಲ್ಲ ಎಂದೂ ನೀನು ಕೇಳಿದ್ದೆ. ಈ ವರ್ಷದ ನೋಟ್‌ಬುಕ್ಕಿನ ದುಡ್ಡು ನನ್ನದು. ಶಾಲೆಯ ಟೀಚರ್ ಕೈಯಲ್ಲಿ ಚೀಲದೊಳಗೆ ಹಾಕಿ ಮನೆಗೆ ಕಳುಹಿಸಿ ಎಂದು ಸಮಿತಿಯವರಿಗೆ ಹೇಳಿದ್ದೆ. "ಫೋಟೊ ಇಲ್ಲದಿದ್ದರೆ ಬರುವ ವರ್ಷ ಕೊಡುವವರು ಯಾರು ಅಕ್ಕ?" ಎಂದರು. ಅವರ ಮಾತೂ ಸುಳ್ಳಲ್ಲ. ನಾನು ಹಿಂದೆ ಕೂತೆ, ಅವರು ಫೋಟೊ ತೆಗೆದರು.

ನಾನು ಜುಲೈ ಕೊನೆಗೆ ವಾಪಸು ಹೋಗುತ್ತೇನೆ. ಅಷ್ಟರೊಳಗೆ ಎರಡೂ ಮಕ್ಕಳ ಪಾದದ ಅಳತೆಯನ್ನು ಕಾಗದದ ಮೇಲೆ ಗೀಚಿ ಕೊಡು. ಹಿಮದ ಬೂಟಿಗೆ ಸುತ್ತ ಒಂದು ಬೆರಳು ಹೆಚ್ಚಿಗೆ ಬಿಟ್ಟೇ ಗೀಚು, ಒಳಗೆ ದಪ್ಪ ಕಾಲುಚೀಲ ಬೇಕಾಗುತ್ತದೆ.