ಡಿಗ್ರಿಗೆ ಸೇರುವ ಮುಂಚೆ ಕಂಟಿನ್ಯೂಯಿಂಗ್ ಎಜುಕೇಶನ್ ಕ್ರೆಡಿಟ್ ಕೂಡಿಹಾಕಬಹುದಾ?

ದಯವಿಟ್ಟು ಕೂಡಿಹಾಕಬೇಡಿ. ಅಮೆರಿಕದ ಸರ್ಕಾರಿ ಯೂನಿವರ್ಸಿಟಿಗೆ ಸೇರುವ ಮುಂಚೆ ಕಂಟಿನ್ಯೂಯಿಂಗ್ ಎಜುಕೇಶನ್‌ನ, ಅಂದರೆ ದೊಡ್ಡವರು ಡಿಗ್ರಿಯ ಹೊರಗೆ ಮಾಡುವ ಬಿಡಿ ಕೋರ್ಸ್‌ಗಳ, ಎಂಟು ಸರ್ಟಿಫಿಕೇಟ್ ಮಾಡಿಟ್ಟುಕೊಂಡರೆ ಒಂದು ವರ್ಷ ಉಳಿಯುತ್ತದೆ ಎಂದು ಬರೆದಿದ್ದೀರಿ. ನಾನೂ ಇದೇ ಲೆಕ್ಕ ಹಾಕಿದ್ದೆ.

ಕೆಲಸ ಮುಗಿಸಿ ವಾರಕ್ಕೆ ಎರಡು ಸಂಜೆ ಕ್ಲಾಸಿಗೆ ಓಡುತ್ತಿದ್ದೆ. ಎರಡು ವರ್ಷದಲ್ಲಿ ಐದು ಕೋರ್ಸ್ ಮುಗಿಸಿದೆ, ಎಲ್ಲವೂ ಅಕೌಂಟಿಂಗ್‌ಗೆ ಸಂಬಂಧಿಸಿದ್ದು. ಪ್ರತಿ ಸರ್ಟಿಫಿಕೇಟಿನಲ್ಲೂ 3 ಸಿಇಯು (ಕಂಟಿನ್ಯೂಯಿಂಗ್ ಎಜುಕೇಶನ್ ಯೂನಿಟ್) ಎಂದಿತ್ತು. ಐದು ಮೂರಲೆ ಹದಿನೈದು. ಡಿಗ್ರಿಗೆ ಬೇಕಾದ 120 ಕ್ರೆಡಿಟ್‌ನಲ್ಲಿ 15 ಆಗಲೇ ಕೈಲಿದೆ ಅಂದುಕೊಂಡೆ. ಅಡ್ಮಿಶನ್ ಆದಮೇಲೆ ಯೂನಿವರ್ಸಿಟಿಯವರು ಕಳಿಸಿದ ಲೆಕ್ಕದಲ್ಲಿ ಇದ್ದದ್ದು ಸೊನ್ನೆ.

ತಪ್ಪಾದದ್ದು ರಿಜಿಸ್ಟ್ರೇಶನ್ ಫಾರಂನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನನ್ನ ಎರಡು ವರ್ಷ ಹೋದದ್ದು ಅಲ್ಲೇ. ಅದೇ ಕೋರ್ಸಿಗೆ ಎರಡು ಚೌಕ ಇದ್ದವು: ಕ್ರೆಡಿಟ್, ನಾನ್-ಕ್ರೆಡಿಟ್. ನಾನ್-ಕ್ರೆಡಿಟ್‌ಗೆ ಫೀಸು ಕಡಿಮೆ, ಪರೀಕ್ಷೆಯೂ ಇಲ್ಲ. ಅದಕ್ಕೆ ಟಿಕ್ ಹಾಕಿದೆ. ಐದು ಸಲವೂ ಅದಕ್ಕೇ. ಸಿಇಯು ಅನ್ನೋದು ಡಿಗ್ರಿಯ ಕ್ರೆಡಿಟ್ ಅಲ್ಲವೇ ಅಲ್ಲ. 1 ಸಿಇಯು ಅಂದರೆ 10 ಗಂಟೆ ತರಬೇತಿ ಪಡೆದದ್ದಕ್ಕೆ ದಾಖಲೆ, ಅಷ್ಟೇ. ಲೈಸೆನ್ಸ್ ನವೀಕರಿಸಬೇಕಾದ ನರ್ಸ್‌ಗಳಿಗೆ ಅದು ತುಂಬಾ ಉಪಯೋಗ. ಡಿಗ್ರಿಗೆ ಬೇಕಾದದ್ದು ಪರೀಕ್ಷೆ, ಗ್ರೇಡ್, ಟ್ರಾನ್ಸ್‌ಕ್ರಿಪ್ಟ್. ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಇನ್ನೊಂದು ಚೌಕಕ್ಕೆ ಟಿಕ್ ಹಾಕಿದ್ದಳು. ಅದೇ ರೂಮು, ಅದೇ ಮೇಷ್ಟ್ರು, ಅದೇ ಪುಸ್ತಕ. ಅವಳ ಕ್ರೆಡಿಟ್‌ಗಳನ್ನು ಯೂನಿವರ್ಸಿಟಿ ಒಪ್ಪಿಕೊಂಡಿತು.

ಒಪ್ಪಿಕೊಂಡರೂ ಅವಳಿಗೆ ಪೂರ್ತಿ ಲಾಭ ಆಗಲಿಲ್ಲ. ಐದರಲ್ಲಿ ಮೂರು ಕೋರ್ಸ್ ಬರೀ ಎಲೆಕ್ಟಿವ್ (ಐಚ್ಛಿಕ ವಿಷಯ) ಆಗಿ ಹೋದವು. ಮೇಜರ್‌ಗೆ, ಅಂದರೆ ಡಿಗ್ರಿಯ ಮುಖ್ಯ ವಿಷಯಕ್ಕೆ, ಬೇಕಾದ ಕೋರ್ಸ್‌ಗಳನ್ನು ಅವಳು ಮತ್ತೆ ಓದಬೇಕಾಯಿತು. ಹಾಗಾಗಿ 'ಎಷ್ಟು ಕ್ರೆಡಿಟ್ ಟ್ರಾನ್ಸ್‌ಫರ್ ಆಗುತ್ತೆ' ಎಂದು ಕೇಳಿ ಪ್ರಯೋಜನವಿಲ್ಲ. ಈ ಕೋರ್ಸ್ ಮಾಡಿದರೆ ನನ್ನ ಡಿಗ್ರಿಯಲ್ಲಿ ಯಾವ ಕೋರ್ಸ್ ಬಿಡಬಹುದು ಎಂದು ಕೇಳಿ.

ಇದನ್ನು ಕೇಳಬೇಕಾದರೆ ಮೊದಲು ಯೂನಿವರ್ಸಿಟಿ, ಡಿಗ್ರಿ ಎರಡೂ ಗೊತ್ತಿರಬೇಕು, ಅಲ್ವಾ? ಅದಕ್ಕೇ ನಿಮ್ಮ ಯೋಜನೆ ತಲೆಕೆಳಗಾಗಿದೆ ಅಂತೀನಿ. ಮೊದಲು ಡಿಗ್ರಿ ಆರಿಸಿಕೊಳ್ಳಿ. ಆ ವಿಭಾಗದ ಅಡ್ವೈಸರ್‌ಗೆ ಕೋರ್ಸಿನ ಸಿಲಬಸ್ ಕಳಿಸಿ, ಇಮೇಲಿನಲ್ಲೇ ಉತ್ತರ ತರಿಸಿಕೊಳ್ಳಿ. ಫೋನಲ್ಲಿ ಹೇಳಿದ ಮಾತು ಆಮೇಲೆ ಸಿಗುವುದಿಲ್ಲ. ಇನ್ನೊಂದು ವಿಷಯ: ವರ್ಷವನ್ನು ನಾಲ್ಕು ಅವಧಿಯಾಗಿ ಹಂಚುವ ಕ್ವಾರ್ಟರ್ ಪದ್ಧತಿಯ 3 ಕ್ರೆಡಿಟ್ ಸೆಮಿಸ್ಟರ್ ಲೆಕ್ಕದಲ್ಲಿ 2 ಮಾತ್ರ. ಸಾಮಾನ್ಯವಾಗಿ ಸುಮಾರು 30 ಕ್ರೆಡಿಟ್‌ನಷ್ಟಾದರೂ ಡಿಗ್ರಿ ಕೊಡುವ ಯೂನಿವರ್ಸಿಟಿಯಲ್ಲೇ ಓದಿರಬೇಕು.

ಈಗಾಗಲೇ ಸಿಇಯು ಕೋರ್ಸ್ ಮಾಡಿದ್ದರೆ ನೋಟ್ಸ್ ಎಸೆಯಬೇಡಿ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಕ್ಲೆಪ್ ಪರೀಕ್ಷೆಗಳಿವೆ; ಕೋರ್ಸಿಗೆ ಕೂರದೆ, ಪರೀಕ್ಷೆ ಬರೆದೇ ಡಿಗ್ರಿಯ ಕ್ರೆಡಿಟ್ ಪಡೆಯುವ ದಾರಿ ಅದು. ನಿಮ್ಮ ಯೂನಿವರ್ಸಿಟಿ ಯಾವುದನ್ನು ಒಪ್ಪುತ್ತದೆ, ಎಷ್ಟು ಅಂಕ ಬೇಕು ಎಂದು ಮೊದಲೇ ವಿಚಾರಿಸಿ. ನಾನು ಆ ಸಂಜೆ ಕ್ಲಾಸಿನ ನೋಟ್ಸ್ ಹಿಡಿದೇ ಫೈನಾನ್ಶಿಯಲ್ ಅಕೌಂಟಿಂಗ್ ಕ್ಲೆಪ್‌ಗೆ ಓದಿದೆ. ಐದು ಸರ್ಟಿಫಿಕೇಟಿನಿಂದ ಸಿಗದ ಮೊದಲ 3 ಕ್ರೆಡಿಟ್ ಆ ಒಂದು ಪರೀಕ್ಷೆಯಿಂದ ಸಿಕ್ಕಿತು.