1500 ಮೀಟರ್ ಓಟಗಾರ 10 ಸಾವಿರ ಮೀಟರ್‌ಗೆ ಹೊರಳಬಹುದೇ?

ಪ್ರಶ್ನೆ: ನನಗೆ 22 ವರ್ಷ, ಚಿಕ್ಕಬಳ್ಳಾಪುರದ ಹತ್ತಿರದ ಹಳ್ಳಿಯವನು. 800 ಮೀಟರ್ ಓಟವನ್ನು 2 ನಿಮಿಷ 3 ಸೆಕೆಂಡ್‌ಗಳಲ್ಲಿ, 1500 ಮೀಟರ್ ಓಟವನ್ನು 4 ನಿಮಿಷ 10 ಸೆಕೆಂಡ್‌ಗಳಲ್ಲಿ ಮುಗಿಸಿದ್ದೇನೆ. ಎರಡು ವರ್ಷಗಳಿಂದ ಈ ಸಮಯ ಸುಧಾರಿಸಿಲ್ಲ. 5000 ಮತ್ತು 10 ಸಾವಿರ ಮೀಟರ್‌ಗೆ ಹೊರಳುವಂತೆ ಕೋಚ್ ಹೇಳುತ್ತಿದ್ದಾರೆ. ಮೊದಲ ಸಲ 5000 ಓಡಿದಾಗ 15 ನಿಮಿಷ 50 ಸೆಕೆಂಡ್ ಹಿಡಿಯಿತು. ಮೂರನೇ ಕಿಲೋಮೀಟರ್ ದಾಟಿದ ಮೇಲೆ ಕಾಲು ಎತ್ತಿಡುವುದೇ ಕಷ್ಟವಾಯಿತು. ವಾರಕ್ಕೆ ಸುಮಾರು 45 ಕಿ.ಮೀ. ಓಡುತ್ತೇನೆ. ‘ನೀನು ಸ್ಪೀಡಿನ ಹುಡುಗ, ದೂರದ ಓಟ ನಿನಗೆ ಆಗಿಬರಲ್ಲ’ ಎನ್ನುತ್ತಾರೆ ಗೆಳೆಯರು. ಯಾರ ಮಾತು ಸರಿ?

ಉತ್ತರ: ನಿಮ್ಮ ಕೋಚ್ ಹೇಳುತ್ತಿರುವುದೇ ಸರಿ ಎಂದು ನನಗೆ ತೋರುತ್ತದೆ, ಆದರೆ ಅದು ಒಂದೇ ಹಂಗಾಮಿನಲ್ಲಿ ಕೈಗೂಡುವ ಕೆಲಸವಲ್ಲ.

ಮೊದಲು ನಿಮ್ಮ ಗೆಳೆಯರ ವಾದವನ್ನು ನೋಡೋಣ. ಮಧ್ಯಮ ದೂರದ ಓಟಗಾರರಲ್ಲಿ ಎರಡು ಬಗೆಯವರಿರುತ್ತಾರೆ: 400 ಮೀಟರ್‌ನ ವೇಗವನ್ನು ನೆಚ್ಚಿಕೊಂಡು 800ಕ್ಕೆ ಬಂದವರು ಮತ್ತು ದಮ್ಮಿನ ಬಲದಿಂದ 1500 ಓಡುವವರು. ನೀವು 800ರಲ್ಲಿ ಒಂದು ಲ್ಯಾಪ್‌ಗೆ, ಅಂದರೆ ಟ್ರ್ಯಾಕ್‌ನ 400 ಮೀಟರ್ ಸುತ್ತಿಗೆ, ಅರವತ್ತೊಂದೂವರೆ ಸೆಕೆಂಡ್ ತೆಗೆದುಕೊಳ್ಳುತ್ತೀರಿ. ದೂರ ಹೆಚ್ಚುಕಡಿಮೆ ಎರಡರಷ್ಟಾದರೂ 1500ರಲ್ಲಿ ಲ್ಯಾಪ್ 67 ಸೆಕೆಂಡ್‌ಗೆ ಏರುವುದಿಲ್ಲ. ಹೀಗಿರುವಾಗ ನಿಮ್ಮನ್ನು ಬರೀ ಸ್ಪೀಡಿನ ಹುಡುಗ ಎನ್ನಲು ಆಧಾರ ಕಾಣುವುದಿಲ್ಲ. ಅಲ್ಲದೆ 1500 ಮೀಟರ್ ಓಟದಲ್ಲಿ ಖರ್ಚಾಗುವ ಶಕ್ತಿಯ ಸುಮಾರು ಐದನೇ ನಾಲ್ಕು ಭಾಗ ಉಸಿರಾಟದಿಂದ ಬರುವ ಆಮ್ಲಜನಕದ ನೆರವಿನಿಂದಲೇ ಹುಟ್ಟುತ್ತದೆ, 5000ದಲ್ಲಿ ಆ ಪಾಲು ಹತ್ತರಲ್ಲಿ ಒಂಬತ್ತನ್ನು ಮೀರುತ್ತದೆ. ಅಂದರೆ ಎರಡೂ ಓಟಗಳು ಬಳಸುವುದು ಒಂದೇ ಯಂತ್ರವನ್ನು.

ಹಾಗಾದರೆ 5000ದಲ್ಲಿ ನೀವು ಸೋತದ್ದೇಕೆ? ಒಂದು ದೂರದ ಸಮಯದಿಂದ ಇನ್ನೊಂದು ದೂರದ ಸಮಯವನ್ನು ಅಂದಾಜಿಸಲು ಪೀಟ್ ರೀಗೆಲ್ ಅವರ ಸೂತ್ರ ಬಹುಕಾಲದಿಂದ ಬಳಕೆಯಲ್ಲಿದೆ. ದೂರ ಇಮ್ಮಡಿಯಾದಾಗ, ಎರಡಕ್ಕೂ ಸಮನಾಗಿ ತಯಾರಾದ ಓಟಗಾರನಿಗೆ ಪ್ರತಿ ಕಿಲೋಮೀಟರ್‌ಗೆ ತಗಲುವ ಸಮಯ ಸುಮಾರು ಶೇ 4ರಷ್ಟು ಹೆಚ್ಚುತ್ತದೆ ಎಂಬುದು ಅದರ ಸಾರ. ಅದರ ಪ್ರಕಾರ 1500ಕ್ಕೆ 4:10 ಓಡುವವರು 5000ವನ್ನು 14 ನಿಮಿಷ 56 ಸೆಕೆಂಡ್‌ಗಳ ಆಸುಪಾಸಿನಲ್ಲಿ ಮುಗಿಸಬೇಕು. ಕಿಲೋಮೀಟರ್ ಸಮಯ ಶೇ ಏಳೂವರೆಯಷ್ಟು ಹೆಚ್ಚಬೇಕು. ನಿಮ್ಮದು ಶೇ 14ರಷ್ಟು ಹೆಚ್ಚಿದೆ. ಈ ಅಂತರವನ್ನು ಪ್ರತಿಭೆಯ ಕೊರತೆ ಎಂದು ಓದಬೇಡಿ. ವಾರಕ್ಕೆ 45 ಕಿ.ಮೀ. ಓಡುವವರಲ್ಲಿ ಇದು ಸಹಜ, ಮತ್ತು ಎಷ್ಟೋ ಮಟ್ಟಿಗೆ ತುಂಬಿಕೊಳ್ಳಬಹುದಾದದ್ದು.

ಮೇಲಿನ ಹಂತದಲ್ಲಿ ಇಂಥ ಬದಲಾವಣೆಗೆ ಉದಾಹರಣೆಗಳು ಬೇಕಾದಷ್ಟಿವೆ. ನೆದರ್ಲೆಂಡ್ಸ್‌ನ ಸಿಫಾನ್ ಹಸನ್ 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1500 ಮತ್ತು 10 ಸಾವಿರ ಮೀಟರ್ ಎರಡನ್ನೂ ಗೆದ್ದರು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಚಿನ್ನ ಪಡೆದರು. ಕೀನ್ಯಾದ ಎಲಿಯುಡ್ ಕಿಪ್ಚೊಗೆ 2003ರಲ್ಲಿ 5000 ಮೀಟರ್‌ನ ವಿಶ್ವ ಚಾಂಪಿಯನ್ ಆಗಿದ್ದರೂ ಮ್ಯಾರಥಾನ್‌ಗೆ ಇಳಿದದ್ದು ಹತ್ತು ವರ್ಷಗಳ ಬಳಿಕ. ನಮ್ಮವರೇ ಆದ ಅವಿನಾಶ್ ಸಾಬ್ಳೆ 3000 ಮೀಟರ್ ಸ್ಟೀಪಲ್‌ಚೇಸ್ (ಅಡೆತಡೆ ಮತ್ತು ನೀರಿನ ಹೊಂಡ ದಾಟುವ ಓಟ) ಓಟಗಾರರು; ಅವರು 2020ರಲ್ಲಿ ದೆಹಲಿಯಲ್ಲಿ ಹಾಫ್ ಮ್ಯಾರಥಾನ್ ಅನ್ನು 1 ಗಂಟೆ 30 ಸೆಕೆಂಡ್‌ಗಳಲ್ಲಿ ಓಡಿದರು. ಇವರಲ್ಲಿ ಯಾರೂ ಕೆಳಗಿನ ದೂರದಲ್ಲಿ ವೇಗವಿಲ್ಲದ್ದರಿಂದ ಮೇಲಕ್ಕೆ ಹೋದವರಲ್ಲ ಎಂಬುದನ್ನು ಗಮನಿಸಬೇಕು. ಚಿಕ್ಕ ದೂರದಲ್ಲಿ ಆಗದವರಿಗೆ ದೊಡ್ಡ ದೂರ ಎಂದು ನಮ್ಮ ಮೈದಾನಗಳಲ್ಲಿ ಆಡುವ ಮಾತಿಗೆ ಅರ್ಥವಿಲ್ಲ.

ಈಗ ತರಬೇತಿಯ ವಿಚಾರ. ಮಧ್ಯಮ ದೂರದಿಂದ ಬಂದವರು ಎಡವುವುದು ಕಠಿಣ ದಿನಗಳಲ್ಲಲ್ಲ, ಹಗುರ ದಿನಗಳಲ್ಲಿ. ಕಿಲೋಮೀಟರ್‌ಗೆ ನಾಲ್ಕು ನಿಮಿಷದಂತೆ ಓಡಿ ಅದನ್ನೇ ಹಗುರ ಓಟ ಎಂದು ಬರೆದುಕೊಳ್ಳುವವರನ್ನು ನಾನು ಬಹಳ ನೋಡಿದ್ದೇನೆ. ನಿಮ್ಮ ಮಟ್ಟಕ್ಕೆ ಹಗುರ ಓಟವೆಂದರೆ 4:45ರಿಂದ 5:15. ಪಕ್ಕದವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಾ ಓಡುವಷ್ಟು ನಿಧಾನ. ಹಾಗೆ ಓಡಿದರೆ ಮಾತ್ರ ವಾರದ ದೂರವನ್ನು ಒಂದು ವರ್ಷದಲ್ಲಿ 80 ಕಿ.ಮೀ.ವರೆಗೆ ಏರಿಸಲು ಮೈ ಒಪ್ಪುತ್ತದೆ. ಆತುರಪಟ್ಟರೆ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ನೋವು ಶುರುವಾಗುತ್ತದೆ. ಅದನ್ನು ಅಲಕ್ಷಿಸಿದರೆ ಎಲುಬು ಸಣ್ಣಗೆ ಬಿರುಕು ಬಿಟ್ಟು ತಿಂಗಳುಗಟ್ಟಲೆ ಕೂರಬೇಕಾಗುತ್ತದೆ.

ವಾರಕ್ಕೊಮ್ಮೆ ಟೆಂಪೋ ಓಟ ಇರಲಿ: ಕಿಲೋಮೀಟರ್‌ಗೆ 3:25ರಿಂದ 3:30ರಂತೆ, 20ರಿಂದ 25 ನಿಮಿಷ, ಮುಗಿಸಿದಾಗ ಇನ್ನೂ ಸ್ವಲ್ಪ ಓಡಬಹುದಿತ್ತು ಅನ್ನಿಸಬೇಕು. ಮೂರನೇ ಕಿಲೋಮೀಟರ್ ಆದ ಮೇಲೆ ನಿಮ್ಮ ಕಾಲು ಭಾರವಾದದ್ದಕ್ಕೆ ನೇರ ಮದ್ದು ಇದೇ, ಏಕೆಂದರೆ ಸ್ನಾಯುಗಳಲ್ಲಿ ಲ್ಯಾಕ್ಟೇಟ್ (ಜೋರು ಓಟದಲ್ಲಿ ಸ್ನಾಯು ಶಕ್ತಿ ಉತ್ಪಾದಿಸುವಾಗ ಹುಟ್ಟುವ ವಸ್ತು) ಶೇಖರವಾಗತೊಡಗುವ ವೇಗದ ಮಿತಿ ಇದರಿಂದ ಮೇಲಕ್ಕೆ ಸರಿಯುತ್ತದೆ. ಭಾನುವಾರದ ದೀರ್ಘ ಓಟವನ್ನು ನಿಧಾನವಾಗಿ 18–20 ಕಿ.ಮೀ.ಗೆ ತನ್ನಿ. ಟ್ರ್ಯಾಕ್‌ನಲ್ಲಿ 200 ಮೀಟರ್‌ನ ವೇಗದ ಓಟಗಳನ್ನು ಮಾತ್ರ ಬಿಡಬೇಡಿ. 10 ಸಾವಿರ ಮೀಟರ್‌ನ ಕೊನೆಯ ಲ್ಯಾಪ್‌ನಲ್ಲಿ ನಿಮಗಿರುವ ಆಸ್ತಿ ಅದೊಂದೇ.

ನಂದಿ ಬೆಟ್ಟ ಪಕ್ಕದಲ್ಲೇ ಇರುವುದರಿಂದ ಎರಡು ಮಾತು. ಏರು ರಸ್ತೆಯಲ್ಲಿ ಓಡುವುದು ಕಾಲಿನ ಬಲಕ್ಕೆ ಒಳ್ಳೆಯದು, ಆದರೆ ಆ ತಿರುವುಗಳಲ್ಲಿ ಓಡುತ್ತಾ ಇಳಿಯಬೇಡಿ; ತೊಡೆಯ ಸ್ನಾಯುಗಳಿಗೆ ಬೀಳುವ ಪೆಟ್ಟು ಮುಂದಿನ ಮೂರ್ನಾಲ್ಕು ದಿನಗಳ ಅಭ್ಯಾಸವನ್ನು ನುಂಗುತ್ತದೆ. ಬೆಟ್ಟದ ನೆತ್ತಿ 1478 ಮೀಟರ್ ಎತ್ತರದಲ್ಲಿದೆ ಎಂದು ಕೆಲವರು ಅದನ್ನು ಎತ್ತರ ಪ್ರದೇಶದ ತರಬೇತಿ ಎನ್ನುವುದುಂಟು. ಅಂಥ ತರಬೇತಿಯಿಂದ ರಕ್ತದಲ್ಲಿ ಕೆಂಪು ಕಣಗಳು ಹೆಚ್ಚುವ ಬದಲಾವಣೆ ಬರಬೇಕಾದರೆ ಇನ್ನೂ ಎತ್ತರದ ಜಾಗದಲ್ಲಿ ವಾರಗಟ್ಟಲೆ ತಂಗಬೇಕು; ಬೆಳಿಗ್ಗೆ ಹತ್ತಿ ಇಳಿದರೆ ಬರುವುದಿಲ್ಲ.

ಗುರಿಯ ಬಗ್ಗೆ ನಿಷ್ಠುರವಾಗಿ ಹೇಳುವುದಾದರೆ, ನಿಮ್ಮ ಈಗಿನ ವೇಗಕ್ಕೆ ಆ ಸೂತ್ರ 10 ಸಾವಿರ ಮೀಟರ್‌ನಲ್ಲಿ ತೋರಿಸುವ ಸಮಯ 31 ನಿಮಿಷ ಚಿಲ್ಲರೆ. ಗುಲ್ವೀರ್ ಸಿಂಗ್ 2025ರಲ್ಲಿ ಓಡಿದ ರಾಷ್ಟ್ರೀಯ ದಾಖಲೆ 27 ನಿಮಿಷ 00.22 ಸೆಕೆಂಡ್. ಆ ಎತ್ತರ ಇಂದು ನಿಮ್ಮ ಲೆಕ್ಕದಲ್ಲಿಲ್ಲ, ಆದರೆ ನಿಮ್ಮ ಈಗಿನ ಮಟ್ಟದ ಕೂಟಗಳಲ್ಲಿ 31 ನಿಮಿಷ ಗೌರವದ ಸಮಯ. ಮ್ಯಾರಥಾನ್ ಯೋಚನೆಯನ್ನು ಇನ್ನೂ ನಾಲ್ಕೈದು ವರ್ಷ ಪಕ್ಕಕ್ಕಿಡಿ.

ಆರು ತಿಂಗಳ ಬಳಿಕ ತಂಪಾದ ಬೆಳಿಗ್ಗೆ ಮತ್ತೆ 5000 ಓಡಿ ನೋಡಿ. 15 ನಿಮಿಷ 15 ಸೆಕೆಂಡ್‌ಗಳ ಒಳಗೆ ಬಂದರೆ 10 ಸಾವಿರಕ್ಕೆ ಹೆಸರು ಕೊಡಿ. ವಾರದ ದೂರ ಏರಿದ ಮೇಲೂ 15:45ರ ಬಳಿಯೇ ನಿಂತರೆ 1500ಕ್ಕೆ ಮರಳಬಹುದು. ಆಗಲೂ ಈ ದುಡಿಮೆ ವ್ಯರ್ಥವಾಗದು, ಎರಡು ವರ್ಷಗಳಿಂದ ಅಲುಗದ ನಿಮ್ಮ 4:10 ಬಹುಶಃ ಆಗಲೇ ಇಳಿದಿರುತ್ತದೆ.